ಸುಣ್ಣದ ತಪ್ಪಲ್ಲ

ಮೊದಲು ಉರಿದದ್ದು ಕಾಯಿಚಟ್ನಿಗೆ. ಹಸಿಮೆಣಸಿನಕಾಯಿ ಒಂದು ಹೆಚ್ಚಾಗಿರಬೇಕು ಎಂದುಕೊಂಡೆ. ಮಾರನೆಯ ದಿನ ಬರೀ ಗಂಜಿಗೂ ಉರಿಯಿತು. ನಾಲಿಗೆ ಆಡಿಸಿದರೆ ಎಡಗೆನ್ನೆಯ ಒಳಗೆ ಒಂದು ಕಡೆ ದೊರಗು. ಕನ್ನಡಿಯ ಮುಂದೆ ಬಾಯಿ ಅಗಲಿಸಿ ನೋಡಿದೆ.

ಉಗುರಿನಷ್ಟಗಲ ಬಿಳಿ ಮಚ್ಚೆ.

ಅದು ಕಾಫಿ ಹಣ್ಣು ಕೊಯ್ಯುವ ಕಾಲ. ಹೆತ್ತೂರಿನ ಹತ್ತಿರ ನಮ್ಮದು ಮೂರೆಕರೆ ತೋಟ. ಆಳುಗಳ ಜೊತೆ ನಾನೂ ಅತ್ತೆಯೂ ಸೊಂಟಕ್ಕೆ ಚೀಲ ಕಟ್ಟಿಕೊಂಡು ಇಳಿಯುತ್ತೇವೆ. ಕೊಯ್ಲಿಗೆ ಎರಡೂ ಕೈ ಬೇಕು. ಬೆಳಿಗ್ಗೆ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಸೇರಿಸಿ ಕೆನ್ನೆಗೆ ಒತ್ತರಿಸಿಕೊಂಡರೆ ಮಧ್ಯಾಹ್ನದ ಊಟಕ್ಕೇ ಉಗಿಯುವುದು. ಹಣ್ಣಿನ ಅಂಟು ಮೆತ್ತಿದ ಕೈಯಲ್ಲಿ ಪದೇ ಪದೇ ಸಂಚಿ ಬಿಚ್ಚಲು ಯಾರಿಗೆ ಪುರುಸೊತ್ತು? ಈ ಅಭ್ಯಾಸ ಕಲಿಸಿದ್ದು ಅತ್ತೆಯೇ. ಮದುವೆಯಾಗಿ ಬಂದ ವರ್ಷ, ಹಲ್ಲುನೋವೆಂದು ಅಳುತ್ತಿದ್ದವಳ ಬಾಯಿಗೆ ಒಂದು ಚೂರು ಹೊಗೆಸೊಪ್ಪು ಇಟ್ಟರು. ನೋವು ಹೋಯಿತು, ಹೊಗೆಸೊಪ್ಪು ಉಳಿಯಿತು.

ಮಚ್ಚೆಯನ್ನು ಅವರಿಗೇ ತೋರಿಸಿದೆ.

“ಸುಣ್ಣ ಸುಟ್ಟೈತೆ ಕಣೆ, ಅಷ್ಟೇಯ. ಈ ಕಲ್ಲುಸುಣ್ಣ ಬುಟ್ಟಾಕು, ಚಿಪ್ಪಿನ ಸುಣ್ಣ ತರಿಸ್ತೀನಿ.”

ಘಟ್ಟದ ಕೆಳಗಿನಿಂದ ಚಿಪ್ಪಿನ ಸುಣ್ಣ ಬಂತು. ಮಚ್ಚೆಗೆ ಬೆಣ್ಣೆ ಸವರಿದೆ. ಎಡಗೆನ್ನೆಗೆ ರಜೆ ಕೊಟ್ಟು ಬಲಗೆನ್ನೆಯನ್ನು ಕೆಲಸಕ್ಕೆ ಹಚ್ಚಿದೆ. ನೋಡಿ ನನ್ನ ಬುದ್ಧಿ: ಸುಣ್ಣ ಬದಲಾಯಿತು, ಕೆನ್ನೆ ಬದಲಾಯಿತು, ಹೊಗೆಸೊಪ್ಪು ಮಾತ್ರ ಹಾಗೇ ಇತ್ತು. ಅದರ ಮೇಲೆ ಇಬ್ಬರಿಗೂ ಅನುಮಾನವೇ ಬರಲಿಲ್ಲ. ಜಿಗಣೆ ಹತ್ತದಂತೆ ಕಾಲಿಗೆ ಹಚ್ಚಿಕೊಳ್ಳುವುದೂ ಅದನ್ನೇ. ಔಷಧಿಯ ಜಾತಿ ಎಂದು ನಂಬಿದ್ದೆವು.

ಮೂರು ತಿಂಗಳಾದರೂ ಮಚ್ಚೆ ಹೋಗಲಿಲ್ಲ. ಕರಿಮೆಣಸು ಕೊಯ್ದು ಮುಗಿಯುವ ಹೊತ್ತಿಗೆ ಮೊಸರನ್ನ ಬಿಟ್ಟು ಬೇರೇನೂ ತಿನ್ನುತ್ತಿರಲಿಲ್ಲ. ನಮ್ಮ ಯಜಮಾನರು ಮಾತು ಕಮ್ಮಿ ಆಸಾಮಿ. ಒಂದು ಬೆಳಿಗ್ಗೆ ನನ್ನ ತಟ್ಟೆ ನೋಡಿ, “ಹೊರಡು, ಸಕಲೇಶಪುರಕ್ಕೆ ಹೋಗಿ ತೋರಿಸ್ಕಂಡು ಬರಾಣ” ಎಂದರು. ಅಲ್ಲಿನ ಡಾಕ್ಟರ್ ಹಾಸನದ ಆಸ್ಪತ್ರೆಗೆ ಚೀಟಿ ಬರೆದರು. ಹಾಸನಕ್ಕೆ ಅತ್ತೆಯೂ ಹೊರಟರು. ಬೇಡವೆಂದರೂ ಕೇಳಲಿಲ್ಲ.

ಹಾಸನದಲ್ಲಿ ನನ್ನನ್ನು ನೋಡಿದವರು ಒಬ್ಬ ಲೇಡಿ ಡಾಕ್ಟರ್, ನನ್ನ ತಂಗಿಯ ವಯಸ್ಸಿನವರು. ತೋಟದ ಕೆಲಸದ ಹೆಂಗಸರಿಗೆ ಬರುವ ಬಾಯಿಯ ಕ್ಯಾನ್ಸರ್ ಬಗ್ಗೆ ರಿಸರ್ಚ್ ಮಾಡುತ್ತಿದ್ದರು. ನನ್ನ ಒಪ್ಪಿಗೆ ಕೇಳಿ, ಸಹಿ ಹಾಕಿಸಿಕೊಂಡು, ಅಚ್ಚಾದ ಫಾರಂ ಒಂದನ್ನು ಮುಂದಿಟ್ಟುಕೊಂಡರು.

“ದಿನಕ್ಕೆ ಎಷ್ಟು ಸಲ ಹಾಕ್ತೀರಮ್ಮ?”

“ಮೂರೇ ಸಲ,” ಎಂದೆ. ಹೆಮ್ಮೆಯಿಂದಲೇ ಎಂದೆ. ಹತ್ತು ಸಲ ಹಾಕುವವರು ನಮ್ಮೂರಿನಲ್ಲಿದ್ದಾರೆ.

ಡಾಕ್ಟರ್ ‘ಕಡಿಮೆ’ ಎಂದಿದ್ದ ಕಡೆ ಗುರುತು ಹಾಕಿದರು. ಹಿಂದೆ ನಿಂತಿದ್ದ ಅತ್ತೆ ನಡುವೆ ಬಾಯಿ ಹಾಕಿದರು.

“ಮೂರು ಸಲ ದಿಟವೇ ಕಣವ್ವ. ಆದ್ರೆ ಆವಾಗ್ಲೇ ಉಗಿಯಾದಲ್ಲ. ಬೆಳಿಗ್ಗೆ ಇಟ್ಕಂಡಿದ್ದು ಉಣ್ಣೋಗಂಟ ಅಲ್ಲೇ ಇರ್ತದೆ. ಉಂಡ್ಮೇಲೆ ಇಟ್ಕಂಡಿದ್ದು ಹೊತ್ತು ಮುಳುಗೋಗಂಟ. ರಾತ್ರೀದು ಮಲಗೋಗಂಟ.”

ಡಾಕ್ಟರ್ ಪೆನ್ನು ನಿಲ್ಲಿಸಿದರು. ಫಾರಮ್ಮಿನಲ್ಲಿ ಎಷ್ಟು ಸಲ ಎಂದು ಕೇಳಿತ್ತೇ ಹೊರತು ಎಷ್ಟು ಹೊತ್ತು ಎಂದು ಕೇಳಿರಲಿಲ್ಲ. ಹಾಕಿದ ಗುರುತನ್ನು ಹೊಡೆದುಹಾಕಿ, ಅಂಚಿನಲ್ಲಿ ಗಂಟೆಗಳನ್ನು ಬರೆದುಕೊಂಡರು.

“ಇಷ್ಟು ದಿನ ಇದನ್ನ ಯಾರೂ ಹೇಳಿರಲಿಲ್ಲ ಅಜ್ಜಿ.”

“ನೀವು ಕೇಳಿರಲಿಲ್ವಲ್ಲವ್ವ,” ಎಂದರು ಅತ್ತೆ.

ಕೆನ್ನೆಯನ್ನು ಇನ್ನೊಮ್ಮೆ ಬೆರಳಿನಿಂದ ಒತ್ತಿ ನೋಡಿದ ಡಾಕ್ಟರ್, ಬಯಾಪ್ಸಿಯನ್ನು ಅವತ್ತೇ ಮಾಡಿದರು. ಗುರುತು ‘ಕಡಿಮೆ’ಯಲ್ಲೇ ಉಳಿದಿದ್ದರೆ ಮುಲಾಮು ಕೊಟ್ಟು, ಮೂರು ತಿಂಗಳು ಬಿಟ್ಟು ಬನ್ನಿ ಎನ್ನುತ್ತಿದ್ದರೋ ಏನೋ. ರಿಪೋರ್ಟ್ ಬಂತೇ ಎಂದು ಕೇಳಲು ಯಜಮಾನರು ದಿನವೂ ಎಸ್‌ಟಿಡಿ ಬೂತಿಗೆ ಹೋಗಿ ಬಂದರು. ಹತ್ತನೆಯ ದಿನ ಆಸ್ಪತ್ರೆಯವರು ಬರಹೇಳಿದರು.

ಕ್ಯಾನ್ಸರ್.

“ಶುರುವಿನಲ್ಲೇ ಸಿಕ್ಕಿದೆ” ಎಂದು ಡಾಕ್ಟರ್ ಎರಡು ಸಲ ಹೇಳಿದರಂತೆ. ನನಗೆ ಒಂದು ಸಲವೂ ಕೇಳಿಸಲಿಲ್ಲ. ಸಾವಿಗಿಂತ ಮುಖದ ಚಿಂತೆ ಹತ್ತಿತು. ಕೆನ್ನೆ ತೂತಾದ ಒಬ್ಬ ಹೆಂಗಸನ್ನು ಚಿಕ್ಕವಳಿದ್ದಾಗ ಕಂಡಿದ್ದೆ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡೇ ಬದುಕಿ, ಹಾಗೆಯೇ ಸತ್ತಳು. ನನಗೆ ಹಾಗಾಗಬಾರದು ಎಂದು ಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಆಪರೇಷನ್ ಆಯಿತು. ಕೆನ್ನೆಯ ಒಳಪದರ ತೆಗೆದು, ತೊಡೆಯ ಚರ್ಮ ತಂದು ಹೊಲಿದರು. ಹೊರಗೆ ಗಾಯವಿಲ್ಲ. ಮೂಗಿನ ನಳಿಗೆಯಲ್ಲಿ ಗಂಜಿ. ಮಾತಾಡುವಂತಿಲ್ಲ. ಯಜಮಾನರು ಪಕ್ಕದಲ್ಲಿ ಕೂತು, “ಮದ್ವೆ ಆದಾಗಿಂದ ನೀನು ಒಂದ್ವಾರ ಸುಮ್ಕಿದ್ದಿದ್ದು ಇದೇ ಮೊದ್ಲು ಮಾರಾಯ್ತಿ” ಎಂದರು. ನಗಲು ಹೋಗಿ ಹೊಲಿಗೆ ಎಳೆಯಿತು. ಅವರು ಎದ್ದು ಕಿಟಕಿಯ ಕಡೆ ತಿರುಗಿ ನಿಂತರು. ಅಳುತ್ತಿದ್ದಾರೆಂದು ಬೆನ್ನು ನೋಡಿಯೇ ಗೊತ್ತಾಯಿತು.

ಆಪರೇಷನ್ನಿಗಿಂತ ಕಷ್ಟವಾದದ್ದು ಹೊಗೆಸೊಪ್ಪು ಬಿಡುವುದು. ಮುಂದಿನ ಕೊಯ್ಲಿನಲ್ಲಿ ಬಾಯಿ ಖಾಲಿ, ತಲೆ ಸಿಡಿತ, ಮಾತಾಡಿಸಿದವರ ಮೇಲೆಲ್ಲ ಹರಿಹಾಯುತ್ತಿದ್ದೆ. ಏಲಕ್ಕಿ ಸಿಪ್ಪೆ ಜಗಿದು ಜಗಿದು ದಿನ ತಳ್ಳಿದೆ. ಬಾಯಿ ಈಗ ಎರಡು ಬೆರಳಿನಷ್ಟು ತೆರೆಯುತ್ತದೆ. ರೊಟ್ಟಿಯನ್ನು ಚೂರು ಮಾಡಿ ಸಾರಿನಲ್ಲಿ ನೆನೆಸಿ ತಿನ್ನುತ್ತೇನೆ. ರುಚಿ ಗೊತ್ತಾಗುತ್ತದೆ. ತೋಟಕ್ಕೆ ಇಳಿಯುತ್ತೇನೆ, ಮಾತೂ ಮೊದಲಿನಷ್ಟೇ ಆಡುತ್ತೇನೆ. ಸಂತೋಷವಾಗಿದ್ದೇನೆ ಎಂದರೆ ಉತ್ಪ್ರೇಕ್ಷೆಯಲ್ಲ.

ಮೊನ್ನೆ ಒಂದು ವರ್ಷದ ಚೆಕಪ್ಪಿಗೆ ಅತ್ತೆಯೇ ಜೊತೆ ಬಂದಿದ್ದರು. ಡಾಕ್ಟರ್ ನೋಡಿ, “ಸದ್ಯಕ್ಕೆ ಎಲ್ಲ ಚೆನ್ನಾಗಿದೆ, ಆರು ತಿಂಗಳಿಗೆ ಬನ್ನಿ” ಎಂದರು. ಆ ‘ಸದ್ಯಕ್ಕೆ’ಯ ಜೊತೆ ಬಾಳುವುದನ್ನು ಕಲಿತಿದ್ದೇನೆ. ಅದಕ್ಕಿಂತ ಹೆಚ್ಚಿನದನ್ನು ಯಾರಿಗೆ ತಾನೇ ಬರೆದುಕೊಟ್ಟಿದ್ದಾರೆ?

ಹೊರಗೆ ಬೆಂಚಿನ ಮೇಲಿದ್ದ ಅತ್ತೆಗೆ ವಿಷಯ ಹೇಳಿದೆ. ಅವರು ಖುಷಿಪಡುವ ಬದಲು ತಲೆ ತಗ್ಗಿಸಿದರು.

“ನಾನೇ ಕಣೆ ಶಾರದಿ, ನಿನ್ನ ಬಾಯಿಗೆ ಅದ್ನ ಇಟ್ಟೋಳು.”

ನನಗೆ ಆ ಸಿಟ್ಟು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಪರೇಷನ್ ದಿನ ಅವರ ಮುಖ ನೋಡಲೂ ಮನಸ್ಸಿರಲಿಲ್ಲ. ಆದರೆ ಅವರಿಗೂ ಯಾರೋ ಒಳ್ಳೆಯದೆಂದೇ ಕೊಟ್ಟಿದ್ದಲ್ಲವೇ?

“ಅವತ್ತು ಡಾಕ್ಟ್ರ ಮುಂದೆ ದಿಟ ಹೇಳಿದೋರೂ ನೀವೇ ಅಲ್ವಾ ಅತ್ತೆ. ಅದಕ್ಕೇ ನಾನಿವತ್ತು ಇರಾದು.”

ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡರು. “ನನ್ ಬಾಯ್ನೂ ಒಂದ್ಸಲ ನೋಡ್ತದಾ ಆ ಹುಡ್ಗಿ? ಐವತ್ತು ವರ್ಷದ ಸೊಪ್ಪು ಐತೆ ಇದ್ರಲ್ಲಿ” ಎಂದರು.

ಊರಿನ ಬಸ್ಸಿಗೆ ಹೊತ್ತಾಗಿತ್ತು. ಹೋದರೆ ಹೋಗಲಿ ಎಂದು ಅವರ ಕೈ ಹಿಡಿದುಕೊಂಡು ಚೀಟಿ ಮಾಡಿಸುವ ಸಾಲಿನಲ್ಲಿ ನಿಂತೆ. ಕಿಟಕಿಯಲ್ಲಿದ್ದವರು ಗುರುತು ಹಿಡಿದು ನನ್ನ ಹೆಸರನ್ನೇ ಬರೆಯತೊಡಗಿದರು.

“ನಂದಲ್ಲ,” ಎಂದೆ. “ನಮ್ಮತ್ತೇದು ಬರೀರಿ.”