ಆರು ವಾರ ಆರಾಮ

ನನ್ನ ಗಂಡ ದೇವಿದಾಸರಿಗೆ ಬಸವಕಲ್ಯಾಣದಲ್ಲಿ ಮೋಟಾರು ರಿಪೇರಿಯ ಅಂಗಡಿಯಿದೆ. ಆದರೆ ಜನ ಅವರನ್ನು ಗುರುತಿಸುವುದು ಬಾವಿಯಿಂದ. ಸುತ್ತಲಿನ ಯಾವ ಹಳ್ಳಿಯಲ್ಲಿ ಯಾರು ಬಾವಿಗೆ ಬಿದ್ದರೂ ಮೊದಲ ಫೋನ್ ಇವರಿಗೇ. ಇಪ್ಪತ್ತೆರಡು ವರ್ಷದಲ್ಲಿ ಹದಿನೇಳು ಜೀವ ಮೇಲೆ ತಂದಿದ್ದಾರೆ. ಜೀವ ಹೋದ ಮೇಲೆ ತಂದವರನ್ನು ಅವರು ಎಣಿಸಿಲ್ಲ, ನಾನೂ ಕೇಳಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಅದೇ. ತಟ್ಟೆ ಮುಂದಿನಿಂದ ಎದ್ದು ಹೋದ ಮನುಷ್ಯ ಒದ್ದೆ ಬಟ್ಟೆಯಲ್ಲಿ ತಿರುಗಿ ಬರುವವರೆಗೆ ನಾನು ಬಾಗಿಲು ಕಾಯಬೇಕು. ಮದುವೆಯಾದಾಗಿನಿಂದ ಇದೇ ಹಣೆಬರಹ.

ಬೇಸಿಗೆ ಬಂತೆಂದರೆ ಅವರು ಊರ ಹೊರಗೆ ಗಯಾಸುದ್ದೀನ್ ಅವರ ಹೊಲದ ಬಾವಿಯಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾರೆ. ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ ನೀರಿಗೆ ಬಿಡುವುದು, ಕಾಲು ಬಡಿಯುವುದು ಕಲಿತ ಮೇಲೆ ಡಬ್ಬಿ ಬಿಚ್ಚುವುದು. ಬಿಚ್ಚಿದ ದಿನ ಮನೆಯವರು ಸಕ್ಕರೆ ಹಂಚುತ್ತಾರೆ. ಒಮ್ಮೆ ಬಿಚ್ಚಿದವರು ಮತ್ತೆ ಡಬ್ಬಿ ಮುಟ್ಟುವುದಿಲ್ಲ. ಆ ಬಾವಿಯ ಮಟ್ಟಿಗೆ ಅದು ಮರ್ಯಾದೆಯ ಮಾತು.

ಹೋದ ಚಳಿಗಾಲದಲ್ಲಿ ಹುಡಗಿ ಎಂಬ ಊರಿನ ಒಂದು ಬಾವಿಗೆ ಎಮ್ಮೆಕರು ಬಿದ್ದಿತ್ತು. ಇವರು ಇಳಿದು ಹಗ್ಗ ಕಟ್ಟುವಾಗ ಅದು ಕೊಸರಿದ ರಭಸಕ್ಕೆ ಬಲಭುಜದ ಕೀಲು ತಪ್ಪಿತು. ಕರು ನೆಟ್ಟಗೆ ಮನೆಗೆ ಹೋಯಿತು, ನಾವು ಹುಮನಾಬಾದಿನ ಡಾಕ್ಟರ ಹತ್ತಿರ ಹೋದೆವು. ಡಾಕ್ಟರು ಕೀಲು ಕೂಡಿಸಿ, ಕೈಯನ್ನು ಕೊರಳಿಗೆ ಪಟ್ಟಿ ಹಾಕಿ ಕಟ್ಟಿ ಅಂದದ್ದು ಇಷ್ಟೇ: "ಆರು ವಾರ ಆರಾಮ. ಆಮ್ಯಾಗ ಬರ್ರಿ."

ನಮ್ಮ ಕಡೆ ಜ್ವರ ಬಿಟ್ಟರೂ ಆರಾಮ, ಕಾಲು ಚಾಚಿ ಮಲಗಿದರೂ ಆರಾಮ. ಡಾಕ್ಟರು ವಿಶ್ರಾಂತಿ ಎಂದರು. ಇವರು ಆರು ವಾರಕ್ಕೆ ವಾಸಿ ಎಂದು ಕೇಳಿಸಿಕೊಂಡರು. ಅವರನ್ನೇ ಯಾಕೆ ಅನ್ನಲಿ, ಶಾಲೆಯಲ್ಲಿ ಮಕ್ಕಳಿಗೆ ಶಬ್ದಾರ್ಥ ಬರೆಸುವ ನಾನೂ ಹಾಗೇ ಕೇಳಿಸಿಕೊಂಡೆ. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಎಳೆದೆ. ನಲವತ್ತಮೂರನೆಯ ದಿನ ಮುಂಜಾನೆ ಇವರು ಪಟ್ಟಿ ಬಿಚ್ಚಿಟ್ಟು ಬಾವಿಯ ದಂಡೆಯಿಂದ ಹಾರಿಯೇಬಿಟ್ಟರು. ನಾಲ್ಕು ಸಲ ಕೈ ಬೀಸುವಷ್ಟರಲ್ಲಿ ಕೀಲು ಮತ್ತೆ ಕಳಚಿತು. ಗಯಾಸುದ್ದೀನ್ ಹಗ್ಗ ಎಸೆಯದಿದ್ದರೆ ನಮ್ಮ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

"ಆರಾಮ ಮಾಡ್ರಿ ಅಂದಿದ್ದೆ. ಆರಾಮ ಆಗ್ತದ ಅಂತ ನಾ ಯಾವಾಗ ಅಂದೆ?" ಎಂದು ಡಾಕ್ಟರು ರೇಗಿದರು. ಮೂರನೆಯ ಸಲ ಕೀಲು ತಪ್ಪಿದರೆ ಆಪರೇಷನ್, ಆಮೇಲೆ ಬಾವಿಗೆ ಹಾರುವ ಮಾತೇ ಇಲ್ಲ ಎಂದರು. ಹಾಗಂತ ಸುಮ್ಮನೆ ಕೂತರೆ ಕಾಲಿನ ಕಸುವು, ಎದೆಯ ದಮ್ಮು ಎರಡೂ ಹೋಗುತ್ತವೆ. ಒಂದು ತಿಂಗಳು ಬಿಟ್ಟು, ಬಲಗೈ ಹೊಟ್ಟೆಗೆ ಕಟ್ಟಿಕೊಂಡು, ತೇಲುವುದಕ್ಕೆ ಏನಾದರೂ ಬೆನ್ನಿಗಿಟ್ಟುಕೊಂಡು ಬರೀ ಕಾಲು ಬಡಿಯಬಹುದು, ದಂಡೆಯಲ್ಲಿ ಯಾರಾದರೂ ಇರಬೇಕು ಎಂದರು. ಬೆನ್ನಿಗೆ ಎಂದರೆ ಡಬ್ಬಿ. ಇವರ ಮುಖ ಸಪ್ಪಗಾಯಿತು.

ತಿಂಗಳು ಕಳೆಯಿತು. ಡಬ್ಬಿಯ ಸುದ್ದಿ ತೆಗೆದರೆ ಗೋಡೆ ಕಡೆ ತಿರುಗುತ್ತಿದ್ದರು. ಮಂಚದ ಮೇಲೆ ಕೂತು, ಗಡಿಯಾರ ನೋಡುತ್ತ ಉಸಿರು ಹಿಡಿಯುತ್ತಿದ್ದರು. ಮೊದಲು ಎರಡು ನಿಮಿಷ ಹಿಡಿಯುತ್ತಿದ್ದವರು ಒಂದೂಕಾಲಕ್ಕೆ ಬಂದು ಮುಟ್ಟಿದರು. ಆ ಸಿಟ್ಟೆಲ್ಲ ನನ್ನ ಬೇಳೆಯ ಮೇಲೆ, ಉಪ್ಪಿನ ಮೇಲೆ. ಅವರಿಗೆ ಸ್ನಾನ ಮಾಡಿಸು, ಅಂಗಿ ತೊಡಿಸು, ಗೋಡೆಯ ಮೇಲೆ ಬೆರಳು ಏರಿಸುವ ವ್ಯಾಯಾಮ ಮಾಡಿಸು, ಆಮೇಲೆ ಶಾಲೆಗೆ ಓಡು. ಹತ್ತು ಸಲ ಅಂದರೆ ಏಳಕ್ಕೇ ಕೈ ಇಳಿಸುತ್ತಿದ್ದರು. ನಾನು ದಣಿದಿದ್ದೆ, ಅದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಇವರು ನಿದ್ದೆಯಲ್ಲಿದ್ದಾಗ ಇವರ ಫೋನ್ ರಿಂಗಾಯಿತು. ಹುಲಸೂರಿನಿಂದ. ನೀರು ಸೇದುವಾಗ ಸೊಸೆ ಕಾಲು ಜಾರಿ ಬಾವಿಗೆ ಬಿದ್ದಿದ್ದಾಳೆ, ದೇವಿದಾಸಣ್ಣನಿಗೆ ಕೊಡಿ ಎಂದು ಒಬ್ಬ ಮುದುಕ ಬೇಡಿಕೊಂಡ. ಇವರನ್ನು ಎಬ್ಬಿಸಿದರೆ ಹೋಗುತ್ತಾರೆ, ಹೋದರೆ ಹಾರುತ್ತಾರೆ, ಹಾರಿದರೆ ಒಂದೇ ಕೈ. "ಅವರಿಗಿ ಆರಾಮ ಇಲ್ರಿ" ಅಂದೆ. ಫೋನ್ ಇಟ್ಟೆ. ಆ ಹುಡುಗಿ ಉಳಿಯಲಿಲ್ಲವೆಂದು ಮರುದಿನ ಶಾಲೆಯಲ್ಲಿ ತಿಳಿಯಿತು. ಹುಲಸೂರು ಮುಟ್ಟಲು ಅರ್ಧ ಗಂಟೆಯಾದರೂ ಬೇಕು, ಇವರು ಹೋಗಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಈಗಲೂ ಹೇಳಿಕೊಳ್ಳುತ್ತೇನೆ. ಇವರ ಮುಂದೆ ಮಾತ್ರ ಬಾಯಿ ಬಿಡಲಿಲ್ಲ.

ಆ ಸೋಮವಾರ ಸಂಜೆ ಶಾಲೆಯಿಂದ ಮನೆಗೆ ಬಂದರೆ ಇವರು ಅಟ್ಟದ ಮೇಲಿನ ಡಬ್ಬಿ ಇಳಿಸಿ ಒರೆಸುತ್ತ ಕೂತಿದ್ದರು. ಉಸಿರು ಕಡಿಮೆಯಾಯಿತೆಂದು ಸೊಕ್ಕು ಇಳಿಯಿತು ಅಂದುಕೊಂಡೆ. ಮರುದಿನ ಮುಂಜಾನೆ ಬಾವಿಯ ಮೆಟ್ಟಿಲ ಮೇಲೆ ಅವರ ಬಲಗೈಯನ್ನು ಹೊಟ್ಟೆಗೆ ಬಿಗಿದು, ಬೆನ್ನಿಗೆ ಡಬ್ಬಿ ಕಟ್ಟಿದೆ. ಅಲ್ಲೇ ನಿಂತಿದ್ದ ಗಯಾಸುದ್ದೀನ್, ಮೋಟಾರು ನೋಡಿ ಬರುತ್ತೇನೆ ಭಾಬಿ ಎಂದು ಬೆನ್ನು ತಿರುಗಿಸಿ ಹೋದರು. ಮೋಟಾರಿಗೆ ಏನೂ ಆಗಿರಲಿಲ್ಲ. ಊರ ಮಕ್ಕಳಿಗೆಲ್ಲ ಈಜು ಕಲಿಸಿದ ಮನುಷ್ಯ ಹಳದಿ ಡಬ್ಬಿ ಹೊತ್ತು ಬಾವಿಯ ಗೋಡೆಗುಂಟ ಕಾಲು ಬಡಿಯುತ್ತ ಸುತ್ತಿದರು. ಮೊದಲ ದಿನ ಆರು ಸುತ್ತು. ಮೂರು ವಾರಕ್ಕೆ ನಲವತ್ತಾಯಿತು. ಎಣಿಸುವುದು ನನ್ನ ಕೆಲಸ.

ನಿನ್ನೆ ನಲವತ್ತು ಮುಗಿಸಿ ಮೆಟ್ಟಿಲ ಮೇಲೆ ಕೂತರು. ನಾನು ಹಿಂದಿನಿಂದ ಡಬ್ಬಿಯ ಗಂಟು ಬಿಚ್ಚುತ್ತಿದ್ದೆ.

"ಹುಲಸೂರದ ಫೋನ್ ಬಂದದ್ದು ನಾ ಅವತ್ತೇ ಮೊಬೈಲಿನ್ಯಾಗ ನೋಡೇನಿ" ಅಂದರು.

ನನ್ನ ಕೈ ನಿಂತಿತು. ಇಷ್ಟು ದಿನ ಯಾಕೆ ಕೇಳಲಿಲ್ಲ ಎಂದೆ. ನೀರಿನ ಕಡೆ ನೋಡುತ್ತಲೇ ಅವರು ಹೇಳಿದರು: "ನಾ ಎತ್ತಿದ್ರ ಹೋಗ್ತಿದ್ದೆ. ಒಂದೇ ಕೈಲೆ ಹಾರ್ತಿದ್ದೆ. ಅದು ನಿನಗ ಗೊತ್ತಿತ್ತು, ಅದಕ ಫೋನ್ ಇಟ್ಟಿ. ನಾ ಬೈಯಾಕತ್ತಿಲ್ಲ."

ಅಲ್ಲೇ ಕೂತು ಅತ್ತೆ. ಇಪ್ಪತ್ತೆರಡು ವರ್ಷದ್ದೆಲ್ಲ ಒಮ್ಮೆಲೇ ಬಂತು. ನನ್ನ ಅಳು ನಿಂತ ಮೇಲೆ, "ಮುಂದಿನ ಫೋನ್ ನನಗ ಕೊಡಬೇಕ ನೀ" ಅಂದರು.

ನಾನು ಗಂಟು ಬಿಚ್ಚಿ ಡಬ್ಬಿ ಇಳಿಸಿದೆ. ಅವರು ಎದ್ದು ಬೆನ್ನು ನನ್ನ ಕಡೆ ಮಾಡಿ ನಿಂತರು. ಇನ್ನೂ ಹತ್ತು ಸುತ್ತು ಹೊಡೆಯುತ್ತೇನೆ, ಡಬ್ಬಿ ಕಟ್ಟು ಅಂದರು. ಕಟ್ಟಿದೆ. ದಿನಾ ಒಂದು ಗಂಟು ಹಾಕುತ್ತಿದ್ದವಳು ನಿನ್ನೆ ಎರಡು ಹಾಕಿದೆ.