ಏಳನ್ನು ಎಂಟು ಮಾಡಿದವರು

ಅರುಂಧತಿ ಮೆಲ್ಬರ್ನಿನಲ್ಲಿ ಟ್ರಾಮ್ ಓಡಿಸುತ್ತಿದ್ದಳು. ಧಾರವಾಡದವಳು. ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತೇನೆಂದು ೧೯೯೭ರಲ್ಲಿ ಬಂದು, ಓದಿ ಮುಗಿಸಿ, ಎರಡು ವರ್ಷ ಕಂಡವರ ಹಾಸಿಗೆ ಕೊಡವಿ, ಅಲ್ಲೇ ನೆಲೆಸಲು ಬಿಡುವ ಪಿಆರ್ ಕೈಗೆ ಬಂದ ಮೇಲೆ ಆ ಕೆಲಸಕ್ಕೆ ಉಗಿದು ಟ್ರಾಮ್ ಡಿಪೋ ಸೇರಿದಳು. ಕನ್ನಡದವರ ಮನೆಗಳಿಗೆ ಊಟಕ್ಕೆ ಹೋದರೆ ಹೆಂಗಸರು ಅವಳ ಕೆಲಸದ ಸುದ್ದಿ ಬಂದಾಗ ಪಲ್ಯ ಬಡಿಸುವುದರಲ್ಲಿ ಮಗ್ನರಾಗುತ್ತಿದ್ದರು. ಒಬ್ಬಾಕೆ ಬಾಯಿ ಬಿಟ್ಟೇ ಕೇಳಿದಳು, ಓದಿದವಳು ಡ್ರೈವರ್ ಯಾಕಾದೆ ಎಂದು. "ನಿಮ್ಮ ಯಜಮಾನ್ರು ಅಷ್ಟುದ್ದ ಕಾರಿನಾಗ ತಾವೊಬ್ಬರ ಹೋಗ್ತಾರ್ರಿ. ನಾ ನೂರು ಮಂದೀನ ಕರಕೊಂಡು ಹೋಗ್ತೀನಿ," ಎಂದಳು ಅರುಂಧತಿ. ಅಲ್ಲಿಗೆ ಆ ಮನೆಯ ಊಟ ನಿಂತಿತು.

ಮೂವತ್ತೈದು ದಾಟಿತ್ತು, ಮದುವೆ ಆಗಿರಲಿಲ್ಲ, ಆಗುವ ಯೋಚನೆಯೂ ಇರಲಿಲ್ಲ. ಮನೆಯಲ್ಲಿ ಒಂದು ಹಾಸಿಗೆ, ಒಂದು ಒಲೆ, ಒಂದು ಬೇಸ್ ಗಿಟಾರ್. ನಾಲ್ಕೇ ತಂತಿ, ದಪ್ಪ ಸ್ವರ. ಹಾಡಿನಲ್ಲಿ ಅದು ಇದ್ದರೆ ಯಾರೂ ಗಮನಿಸುವುದಿಲ್ಲ, ಇಲ್ಲದಿದ್ದರೆ ಹಾಡಿಗೆ ಸೊಂಟ ಇರುವುದಿಲ್ಲ. ಆ ವಾದ್ಯ ಅವಳ ಸ್ವಭಾವಕ್ಕೆ ಒಗ್ಗಿತ್ತು.

ಅವಳನ್ನು ಬ್ಯಾಂಡಿಗೆ ಎಳೆದವನು ಹುಬ್ಬಳ್ಳಿಯ ಇಂದ್ರೇಶ. ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ ಮನೆ, ಹೆಂಡತಿ ಮಾಧುರಿ, ಒಬ್ಬಳು ಮಗಳು. ಸೋಮವಾರ ಬೆಳಿಗ್ಗೆ ವಿಮಾನ ಹತ್ತಿ ನಾರ್ತ್ ಸಿಡ್ನಿಯ ಕನ್ಸಲ್ಟೆನ್ಸಿ ಆಫೀಸಿಗೆ ಹೋದರೆ ಗುರುವಾರ ವಾಪಸ್. ಶನಿವಾರ ಕ್ರೇಗಿಬರ್ನ್‌ನಲ್ಲಿ ಜೀವನ್‌ನ ಗ್ಯಾರೇಜಿನಲ್ಲಿ ಪ್ರಾಕ್ಟೀಸು. ಜೀವನ್ ಮೈಸೂರಿನವನು, ಡ್ರಮ್ಸ್ ಬಾರಿಸುತ್ತಿದ್ದ. ಇಂದ್ರೇಶನದು ಕೀಬೋರ್ಡ್. ಮೂರೇ ಜನ. ಶನಿಕಾಟದ ಹೆಸರನ್ನೇ ಬ್ಯಾಂಡಿಗೆ ಇಟ್ಟಿದ್ದರು: ಏಳರಾಟ. ನುಡಿಸುತ್ತಿದ್ದದ್ದು ಪ್ರೊಗ್ರೆಸಿವ್ ರಾಕ್. ಅಂದರೆ ಇಪ್ಪತ್ತು ನಿಮಿಷಕ್ಕೂ ಮುಗಿಯದ ಹಾಡು, ನಡುವೆ ಮೂರು ಸಲ ತಾಳ ಬದಲು, ಮಾತು ಕಡಿಮೆ. ಕುಣಿಯಲು ಬಂದವನ ಕಾಲು ತೊಡರಿ ಬೀಳುವಂಥದ್ದು. ಬ್ರನ್ಸ್‌ವಿಕ್‌ನ ಪಬ್ಬೊಂದರಲ್ಲಿ ಮೂವತ್ತು ಜನರ ಮುಂದೆ ಶುರು ಮಾಡಿ ಹತ್ತೊಂಬತ್ತು ಜನರ ಮುಂದೆ ಮುಗಿಸಿದ್ದರು. ಇಂದ್ರೇಶ ಅದನ್ನೇ ಮೀಸೆ ತಿರುವಿ ಹೇಳಿಕೊಳ್ಳುತ್ತಿದ್ದ.

ಅವರ ದೊಡ್ಡ ಹಾಡಿನ ಹೆಸರು 'ಭೋಂಗಾ'. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಬೆಳಿಗ್ಗೆ ಕೂಗುವ ಸೈರನ್ನಿಗೆ ಆ ಊರಿನವರು ಹಾಗೆನ್ನುತ್ತಾರೆ. ಇಂದ್ರೇಶನ ಅಪ್ಪ ಚನ್ನಮಲ್ಲಪ್ಪ ಅಲ್ಲಿ ಫಿಟ್ಟರ್ ಆಗಿದ್ದವನು, ಎಪ್ಪತ್ನಾಲ್ಕರ ರೈಲ್ವೆ ಮುಷ್ಕರದಲ್ಲಿ ಜೈಲು ಕಂಡವನು. ಹಾಡಿಗೆ ಮೂರು ಭಾಗ. ಮೊದಲು ಕೀಬೋರ್ಡಿನಲ್ಲಿ ಭೋಂಗಾ, ಏಳು ಮಾತ್ರೆಯ ಲೆಕ್ಕದಲ್ಲಿ. ಆಮೇಲೆ ಡ್ರಮ್ಮಿನಲ್ಲಿ ಸುತ್ತಿಗೆ. ಮೂರನೆಯದು ಮುಷ್ಕರ. ಅದು ಹೇಗಿರಬೇಕೆಂದು ತಲೆ ಕೆರೆದುಕೊಂಡು ಕೂತಾಗ ಇಂದ್ರೇಶ ಅವಳ ಕಡೆ ತಿರುಗಿದ.

"ಮುಷ್ಕರದಾಗ ಮಷೀನು ಎಲ್ಲಾ ಬಂದ್. ಒಬ್ಬಾಂವ ಮನಿಮನಿಗೆ ಹೊಂಟಾನ, ಮಂದೀನ ಎಬ್ಬಸಲಿಕ್ಕೆ. ನಾಕು ಹೆಜ್ಜಿ ನಡೀತಾನ, ಬಾಗಲಾ ಮೂರು ಸಲ ಬಡೀತಾನ. ಮತ್ತ ನಾಕು ಹೆಜ್ಜಿ, ಮತ್ತ ಮೂರು ಬಡತ. ಆ ಮನಶ್ಯಾ ನೀನ. ಏನ್ ಬಾರಸ್ತಿ ಬಾರಸು."

ಆರು ತಿಂಗಳು ಹಿಡಿಯಿತು. ನಾಲ್ಕು, ಮೂರು ಸೇರಿ ಅದೇ ಏಳು ಮಾತ್ರೆಯ ನಡಿಗೆ ಅರುಂಧತಿಯ ಕೈಯಲ್ಲಿ ಹನ್ನೊಂದು ನಿಮಿಷ ಬೆಳೆಯಿತು. ಒಂದು ಮನೆಯಲ್ಲಿ ಬಾಗಿಲು ತೆರೆಯುತ್ತದೆ, ಇನ್ನೊಂದರಲ್ಲಿ ನಾಯಿ ಬೊಗಳುತ್ತದೆ, ಮತ್ತೊಂದರಲ್ಲಿ ಒಳಗಿದ್ದೂ ಇಲ್ಲವೆನ್ನುತ್ತಾರೆ. ಮಾತಿಲ್ಲದೆ, ನಾಲ್ಕು ತಂತಿಯಲ್ಲೇ ಅದೆಲ್ಲ ಕೇಳುತ್ತಿತ್ತು. ಯಾವುದನ್ನೂ ಬರೆದಿಡಲಿಲ್ಲ. ತಾಳ ಎಲ್ಲಿ ಹೊರಳಬೇಕೋ ಅಲ್ಲಿ ಇಂದ್ರೇಶ ಗದ್ದ ಮೇಲೆತ್ತುತ್ತಿದ್ದ, ಇಬ್ಬರೂ ಅದನ್ನು ನೋಡಿ ಹೊರಳುತ್ತಿದ್ದರು. ಆ ಹನ್ನೊಂದು ನಿಮಿಷ ಅರುಂಧತಿಯದು ಎಂದು ಅವನು ಪಬ್ಬಿನಲ್ಲಿ ಮೈಕ್ ಹಿಡಿದು ಹೇಳಿದ್ದ. ಜಗತ್ತಿನಲ್ಲಿ ತನ್ನದು ಎಂದು ಅವಳು ಬೆರಳಿಟ್ಟು ತೋರಿಸಬಹುದಾಗಿದ್ದದ್ದು ಅದೊಂದೇ.

೨೦೦೬ರ ಆಗಸ್ಟಿನ ಒಂದು ಮಂಗಳವಾರ ನಾರ್ತ್ ಸಿಡ್ನಿಯ ಆಫೀಸಿನಲ್ಲಿ, ಮೀಟಿಂಗ್ ನಡೆಯುತ್ತಿದ್ದಾಗಲೇ, ಇಂದ್ರೇಶ ಸತ್ತುಹೋದ. ಹೃದಯ ನಿಂತಿತ್ತು. ಮೀಟಿಂಗಿನಲ್ಲಿ ಕಣ್ಣು ಮುಚ್ಚಿ ಕೂರುವುದು ಅವನ ಅಭ್ಯಾಸವಾಗಿದ್ದರಿಂದ ಮುಂದಿನ ಎರಡು ಸ್ಲೈಡು ಮುಗಿಯುವವರೆಗೂ ಯಾರಿಗೂ ಗೊತ್ತಾಗಲಿಲ್ಲ. ವಯಸ್ಸು ಮೂವತ್ತೊಂಬತ್ತು.

ಬದುಕಿದ್ದಾಗ ಅವನ ಹಾಡಿಗೆ ಒಮ್ಮೆಯೂ ಬಾರದ ಜನ ಸತ್ತ ಮೇಲೆ ಎರಡೂ ನಗರಗಳಲ್ಲಿ ಎದ್ದರು. ಎಲ್ಲರೂ ಅವನ ಹಳೆಯ ಅಭಿಮಾನಿಗಳಂತೆ. ಒಬ್ಬ ಮೇಧಾವಿ ಅಂದ, ಇನ್ನೊಬ್ಬ ಮುತ್ತು ಅಂದ. ದೇವರಿಗೆ ಕೈಮುಗಿಯದವನ ಫೋಟೋಗೆ ಕುಂಕುಮ ಇಟ್ಟರು. ಚಳವಳಿಗಳಲ್ಲಿ ಹೆಣ ಹೊತ್ತವರಿಗೆಲ್ಲ ಈ ರೋಗ ಗೊತ್ತಿದೆ: ಜಗಳಗಂಟ ಸತ್ತ ಮರುದಿನವೇ ಸಂತನಾಗುತ್ತಾನೆ, ಏಕೆಂದರೆ ಸಂತ ಎದ್ದು ಕೂತು ಎದುರು ಮಾತಾಡುವುದಿಲ್ಲ. ಬ್ಯಾಂಡಿನ ಹೆಸರು ಅಪಶಕುನವೆಂದು ಯಾರೋ ಹೇಳಿದರು. ಏಳರಾಟ ಹೋಗಿ ಇಂದ್ರಧನು ಆಯಿತು. ಇಂದ್ರೇಶನ ಇಂದ್ರ ಅದರಲ್ಲಿದೆ ನೋಡು ಎಂದು ಜೀವನ್ ಗಂಭೀರವಾಗಿ ವಿವರಿಸಿದಾಗ ಅರುಂಧತಿ ಮುಖ ತಿರುಗಿಸಿ ಗಿಟಾರನ್ನು ಪೆಟ್ಟಿಗೆಗೆ ಹಾಕಿದಳು. ಆದರೂ ಅವಳು ಬಿಟ್ಟು ಬರಲಿಲ್ಲ. ಮೂರನೆಯ ಭಾಗ ಆ ಗ್ಯಾರೇಜಿನಲ್ಲಿತ್ತು.

ಇಂದ್ರೇಶನ ಜಾಗಕ್ಕೆ ಬೆಂಗಳೂರಿನ ಗಿರೀಶ ಬಂದ. ಕೆಟ್ಟವನಲ್ಲ, ಬೆರಳು ಚುರುಕು, ಕಂಪ್ಯೂಟರ್ ಇನ್ನೂ ಚುರುಕು. ಇಂದ್ರೇಶ ಮನೆಯಲ್ಲಿ ರೆಕಾರ್ಡ್ ಮಾಡಿಟ್ಟಿದ್ದ ಕೀಬೋರ್ಡನ್ನೆಲ್ಲ ಮಾಧುರಿಯಿಂದ ಪಡೆದು ಲ್ಯಾಪ್‌ಟಾಪಿಗೆ ತುಂಬಿಕೊಂಡ. ೨೦೦೭ರ ರಾಜ್ಯೋತ್ಸವಕ್ಕೆ ಸಿಡ್ನಿಯ ಕನ್ನಡ ಸಂಘವೊಂದು ಇಂದ್ರೇಶನಿಗೆ ಶ್ರದ್ಧಾಂಜಲಿಯೆಂದು ಇವರನ್ನು ಕರೆಯಿತು. ಐದು ನಿಮಿಷ ಕೊಟ್ಟಿದ್ದರು. ಆ ವಾರದ ಪ್ರಾಕ್ಟೀಸಿನಲ್ಲಿ ಗಿರೀಶ ಒಂದು ಗುಂಡಿ ಒತ್ತಿ, ಕೇಳಿ ಎಂದ.

ಇಂದ್ರೇಶನ ಭೋಂಗಾ ಕೂಗಿತು. ಅವನದೇ ಕೈ, ಅವನದೇ ಒರಟುತನ. ಆದರೆ ಏಳು ಇರಬೇಕಾದಲ್ಲಿ ಎಂಟು ಕೇಳಿಸುತ್ತಿತ್ತು. ಪ್ರತಿ ಏಳನೆಯ ಮಾತ್ರೆಯ ಬೆನ್ನಿಗೆ ಒಂದು ಚಪ್ಪಾಳೆಯ ಸದ್ದು ಅಂಟಿಸಿದ್ದರು. ಎರಡನೆಯ ಭಾಗದ ಸುತ್ತಿಗೆಯನ್ನು ಮದುವೆ ಮೆರವಣಿಗೆಯ ಲೆಕ್ಕಕ್ಕೆ ತಂದಿದ್ದರು. ಮೂರನೆಯ ಭಾಗ ಹೆಚ್ಚುಕಡಿಮೆ ಹೋಗಿಯೇಬಿಟ್ಟಿತ್ತು. ಕೊನೆಯಲ್ಲಿ ಅರ್ಧ ನಿಮಿಷದ ಚೂರೊಂದು, ಅದೂ ಎಂಟರಲ್ಲಿ.

"ನಾನು ಒಂದೊಂದು ಬೀಟ್ ಸೇರಿಸಿದೀನಿ ಅಷ್ಟೆ ಅಕ್ಕ. ನುಡಿಸ್ತಿರೋದು ಅವರೇ," ಎಂದ ಗಿರೀಶ, ಮೆಚ್ಚುಗೆಗೆ ಕಾದು.

"ಮೂರು ಸಲ ಬಾಗಲಾ ಬಡದ್ರ ಮುಷ್ಕರ. ನಾಕು ಸಲ ಬಡದ್ರ ಭಜನಿ," ಎಂದಳು ಅರುಂಧತಿ.

ಜೀವನ್ ಕೋಲುಗಳನ್ನು ಕೆಳಗಿಟ್ಟ. ಕುಟುಂಬ ಸಮೇತ ಬಂದ ಜನ ಹನ್ನೊಂದು ನಿಮಿಷ ಗುಂಯ್‌ ಗುಂಯ್‌ ಕೇಳಿಸಿಕೊಂಡು ಕೂರುವುದಿಲ್ಲ, ಇಂದ್ರೇಶನ ಹೆಸರು ಉಳಿಯಬೇಕಾದರೆ ಜನಕ್ಕೆ ಮುಟ್ಟಬೇಕು ಎಂದು ಅರ್ಧ ಗಂಟೆ ಬೋಧಿಸಿದ. ಇದೇ ಜೀವನ್ ಪಬ್ಬಿನಲ್ಲಿ ಎದ್ದುಹೋದವರಿಗೆ ಬೈದಿದ್ದವನು. ಅವನಿಗೆ ಏಳು ಎಂದೂ ಪೂರ್ತಿ ಒಗ್ಗಿರಲಿಲ್ಲ. ಗದ್ದ ಎತ್ತುವವನು ಹೋದ ಮೇಲೆ ಅವನು ಒಳಗೊಳಗೇ ನಿರಾಳವಾಗಿದ್ದಾನೆ ಎಂದು ಅವಳಿಗೆ ಅನ್ನಿಸಿತು. ಅದಕ್ಕಿಂತ ಹೇಸಿಗೆ ಏನಿದೆ.

ಭಾನುವಾರ ಅವಳು ಪಾಯಿಂಟ್ ಕುಕ್‌ಗೆ ಹೋದಳು. ಮಾಧುರಿ ಒಂದು ಮಾತು ಹೇಳಿದರೆ ಗಿರೀಶ ಆ ಫೈಲುಗಳನ್ನು ಮುಟ್ಟುವಂತಿಲ್ಲ. ಮಾಧುರಿ ಬಟ್ಟೆ ಮಡಚುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ಮಗಳು ಪ್ರಾರ್ಥನಾ ಟಿವಿ ಮುಂದಿದ್ದಳು. ಹುಡುಗಿಯನ್ನು ಕನ್ನಡದಲ್ಲಿ ಕರೆದರೆ ಇಂಗ್ಲಿಷಿನಲ್ಲಿ ಓಗೊಡುತ್ತಿದ್ದಳು.

"ಅರು, ಖರೇ ಹೇಳ್ಲಿ?" ಎಂದಳು ಮಾಧುರಿ. "ನಾ ಆ ಹಾಡು ಒಮ್ಮೆನೂ ಪೂರಾ ಕೇಳಿಲ್ಲ. ವಾರಕ್ಕ ನಾಕು ದಿನ ಸಿಡ್ನಿ, ಶನಿವಾರ ನಿಮ್ಮ ಗ್ಯಾರೇಜು. ನಮಗ ಉಳಿದದ್ದು ಆಂವನ ಬಟ್ಟಿ ಒಗಿಯೂದು. ಈಗ ಐದು ನಿಮಿಷದ್ದು ಮಾಡ್ಯಾರ, ಇಕಿ ಕುಣೀತಾಳ ಅದಕ್ಕ. ನನಗ ಅಷ್ಟ ಸಾಕು."

ವಾದ ಮಾಡಲು ಬಂದ ಅರುಂಧತಿ ಮಡಚಿಟ್ಟ ಬಟ್ಟೆಗಳತ್ತ ನೋಡಿದಳು. ಹೆಂಡತಿಗೆ ಕೊಡದ ಶನಿವಾರಗಳಲ್ಲಿ ತನ್ನ ಹನ್ನೊಂದು ನಿಮಿಷವೂ ಹುಟ್ಟಿತ್ತು. ಆದರೆ ಮಾಧುರಿಯ ನೋವು ಎಷ್ಟೇ ದೊಡ್ಡದಿದ್ದರೂ ಏಳು ಎಂಟಾಗುವುದಿಲ್ಲ. ಕೊಟ್ಟ ಚಹಾ ಕುಡಿದು ಎದ್ದು ಬಂದಳು.

ನವೆಂಬರಿನಲ್ಲಿ ಸಿಡ್ನಿ. ಪಶ್ಚಿಮದ ಸಬರ್ಬೊಂದರ ಕೌನ್ಸಿಲ್ ಹಾಲು, ಬೆಳಗಿನ ಕಾರ್ಯಕ್ರಮ, ಆಮೇಲೆ ಊಟ. ಬಾಗಿಲಲ್ಲಿ ಹಂಚುತ್ತಿದ್ದ ಹಾಳೆಯಲ್ಲಿ 'ಅಮರ ಕಲಾವಿದ ಇಂದ್ರೇಶ್ ಅವರ ಸ್ವಂತ ರಚನೆ' ಎಂದಿತ್ತು. ಅರುಂಧತಿಯ ಹೆಸರು 'ಸಹಕಾರ' ಎಂಬಲ್ಲಿ, ಹೂವಿನ ವ್ಯವಸ್ಥೆ ಮಾಡಿದವರ ಕೆಳಗೆ. ವೇದಿಕೆಯ ಮೇಲೆ, ಕೀಬೋರ್ಡಿನ ಪಕ್ಕ, ಒಂದು ಕುರ್ಚಿಯಲ್ಲಿ ಹಾರ ಹಾಕಿದ ಇಂದ್ರೇಶನ ಫೋಟೋ ಕೂತಿತ್ತು. ಮುಂದಿನ ಸಾಲಿನಲ್ಲಿ ಮೆಲ್ಬರ್ನಿನಿಂದ ಬಂದ ಮಾಧುರಿ, ಮಗಳ ಜೊತೆ.

ಅವಳು ಸಂಘದ ಅಧ್ಯಕ್ಷ ಶಿವಪ್ರಕಾಶನನ್ನು ಹುಡುಕಿ ಹಿಡಿದಳು. ಬೆಳಗಾವಿಯವನು, ಮೈತುಂಬ ಸೆಂಟು. ಮೂರನೆಯ ಭಾಗ ಪೂರ್ತಿ ನುಡಿಸುವುದಿದ್ದರೆ ಮಾತ್ರ ತಾನು ವೇದಿಕೆ ಹತ್ತುವುದು ಎಂದಳು. ಮುಷ್ಕರ ಗಿಷ್ಕರ ಹಬ್ಬದ ದಿನ ಯಾಕೆಂದು ಅವನು ನಕ್ಕ. ಅವಳು ನಗಲಿಲ್ಲ.

"ಅಕ್ಕಾರ, ಅನ್ನ ಆರತೈತ್ರಿ," ಎಂದ ಅವನು, ಗಡಿಯಾರ ನೋಡುತ್ತಾ. "ನೀವು ಹತ್ತದಿದ್ರೂ ನಡೀತೈತಿ ಅಂತ ಆ ಹುಡುಗ ಹೇಳ್ಯಾನ."

ಹೇಗೆ ನಡೆಯುತ್ತದೆ ನೋಡೋಣ ಎಂದು ಅವಳು ಗಿಟಾರನ್ನು ಹೆಗಲಿಗೆ ತೂಗುಹಾಕಿಕೊಂಡು ಪರದೆಯ ಪಕ್ಕ ನಿಂತಳು. ಸೊಂಟ ಮುರಿದ ಹಾಡು ನೆಲಕ್ಕೆ ಕುಸಿಯುವುದನ್ನು ಕಣ್ಣಾರೆ ನೋಡುವ ಆಸೆ ಅವಳಿಗಿತ್ತು. ದೀಪ ಹಚ್ಚಿದರು. ಭೋಂಗಾ ಕೂಗಿತು, ಚಪ್ಪಾಳೆ ಅಂಟಿಕೊಂಡಿತು, ಜೀವನ್ ಎಂಟಕ್ಕೆ ಬಡಿದ. ಅಷ್ಟರಲ್ಲಿ ಬೇಸ್ ಬಂತು.

ಅವಳದೇ. ಮೂರನೆಯ ತಂತಿಯನ್ನು ಒತ್ತುವಾಗ ಅವಳ ಉಂಗುರದ ಬೆರಳು ಮಾಡುವ ಸಣ್ಣ ಕರಕರ ಸದ್ದೂ ಅದರಲ್ಲಿತ್ತು. ಪ್ರಾಕ್ಟೀಸಿನಲ್ಲಿ ಗಿರೀಶ ಎಲ್ಲವನ್ನೂ ರೆಕಾರ್ಡ್ ಮಾಡುತ್ತಿದ್ದ, ಸುಮ್ಮನೆ ಇರಲಿ ಎಂದು. ಇಂದ್ರೇಶನನ್ನು ಕತ್ತರಿಸಿದ ಹಾಗೇ ಅವಳನ್ನೂ ಕತ್ತರಿಸಿ, ಒಂದೊಂದು ಹೆಚ್ಚಿನ ಬಡಿತ ಅಂಟಿಸಿದ್ದ. ಅವಳು ಇಲ್ಲಿ ಜೀವಂತ ನಿಂತಿದ್ದಾಗ ಅಲ್ಲಿ ಅವಳ ಬೆರಳು ನಾಲ್ಕನೆಯ ಸಲ ಬಾಗಿಲು ಬಡಿಯುತ್ತಿತ್ತು. ಮುಂದಿನ ಸಾಲಿನ ಮಕ್ಕಳು ಕುಣಿಯುತ್ತಿದ್ದರು.

ಅರುಂಧತಿ ವೇದಿಕೆಗೆ ನಡೆದುಹೋಗಿ ಲ್ಯಾಪ್‌ಟಾಪಿನ ವೈರ್ ಕಿತ್ತಳು. ಸ್ಪೀಕರ್ ಟಪ್ ಎಂದಿತು. ಜೀವನ್ ಒಬ್ಬನೇ ಎರಡು ಸುತ್ತು ಬಡಿದು, ಸುತ್ತಲೂ ಏನೂ ಇಲ್ಲವೆಂದು ಗೊತ್ತಾಗಿ ನಿಲ್ಲಿಸಿದ. ಹಾಡು ಮುಗಿಯಿತೆಂದುಕೊಂಡು ಸಭೆ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆ ಅಡಗುವ ಮುಂಚೆಯೇ ಅವಳು ಗಿಟಾರಿಗೆ ವೈರ್ ಚುಚ್ಚಿ ಮೂರನೆಯ ಭಾಗ ಶುರು ಮಾಡಿದಳು. ನಾಲ್ಕು ಹೆಜ್ಜೆ, ಮೂರು ಬಡಿತ.

ಮೊದಲ ನಿಮಿಷ ಜನ ಮರ್ಯಾದೆಗೆ ಕೂತರು. ಎರಡನೆಯದಕ್ಕೆ ಕೆಮ್ಮಿದರು. ಮೂರನೆಯದಕ್ಕೆ ಶಿವಪ್ರಕಾಶ ಪಕ್ಕದ ಮೈಕಿನಲ್ಲಿ ಊಟ ಸಿದ್ಧವಿದೆ, ಹಿರಿಯರು ಮೊದಲು ಎಂದು ಸಾರಿದ. ಕುರ್ಚಿಗಳು ನೆಲ ಕೆರೆದವು. ಮಾಧುರಿಯೂ ಮಗಳ ಕೈ ಹಿಡಿದು ಎದ್ದಳು. ಅರುಂಧತಿ ತಲೆ ಕೆಡಿಸಿಕೊಳ್ಳಲಿಲ್ಲ, ನಡೆಯುತ್ತಲೇ ಹೋದಳು. ಐದನೆಯ ನಿಮಿಷದಲ್ಲಿ ತಾಳ ಹೊರಳಬೇಕಿತ್ತು. ಅಭ್ಯಾಸಬಲದಿಂದ ಅವಳು ಕೀಬೋರ್ಡಿನ ಕಡೆ ನೋಡಿದಳು. ಅಲ್ಲಿ ಹಾರ ಹಾಕಿದ ಫೋಟೋ ಗದ್ದ ಎತ್ತದೆ ಕೂತಿತ್ತು. ಬೆರಳು ಒಂದು ಬಡಿತ ಬಿಟ್ಟಿತು, ಹಿಡಿಯಲು ಹೋಗಿ ಇನ್ನೊಂದು ಬಿಟ್ಟಿತು. ಮತ್ತೆ ಮೊದಲಿನಿಂದ ಎತ್ತಿಕೊಂಡಳು. ಅದೇ ಜಾಗದಲ್ಲಿ ಮತ್ತೆ ದಾರಿ ತಪ್ಪಿತು. ನಿಲ್ಲಿಸಿದಳು.

"ನೋಡ್ದ್ಯಾ? ನಿನಗೂ ಬರಲ್ಲ," ಎಂದ ಜೀವನ್. "ಇದಕ್ಕಾ ಇಷ್ಟು ರಂಪ?"

"ಬರಂಗಿಲ್ಲ," ಎಂದಳು ಅವಳು. ಕೆನ್ನೆ ಸುಡುತ್ತಿತ್ತು. "ಬರಂಗಿಲ್ಲ ಅಂದ್ರ ಕೂತು ಕಲೀಬೇಕಿತ್ತು, ಮೂರೂ ಮಂದಿ. ನಾನೂ ಕಲೀಲಿಲ್ಲ. ಹದಿನೈದು ತಿಂಗಳು ನಿಮ್ಮನ್ನ ಬೈಕೋತ ಕೂತೆ. ನೀವು ಹಾಡನ್ನ ಕತ್ತರಸಿದ್ರಿ."

ಜೀವನ್ ಕೋಲು ಚೀಲಕ್ಕೆ ಹಾಕಿಕೊಂಡು ಊಟಕ್ಕೆ ಹೋದ. ಅರುಂಧತಿ ಗಿರೀಶನ ಪಕ್ಕ ಕುಕ್ಕರಗಾಲಲ್ಲಿ ಕೂತು, ಲ್ಯಾಪ್‌ಟಾಪಿನಲ್ಲಿ ತನ್ನದು ಎಷ್ಟಿದೆಯೋ ಅಷ್ಟನ್ನೂ ತೋರಿಸು ಎಂದಳು. ಹನ್ನೆರಡು ಫೈಲುಗಳಿದ್ದವು. ಬೇರೆಲ್ಲೂ ಕಾಪಿ ಇಲ್ಲವೆಂದು ಅವನು ಅಮ್ಮನ ಮೇಲೆ ಆಣೆ ಇಟ್ಟ.

"ಅಳಸು."

"ಹಾಡಲ್ಲಿ ಖಾಲಿ ಜಾಗ ಬೀಳತ್ತೆ ಅಕ್ಕ. ಮುಂದಿನ ವಾರ ಮೆಲ್ಬರ್ನಲ್ಲಿ ಶೋ ಇದೆ."

"ಬೀಳಲಿ. ಒತ್ತು."

ಅವನು ಒಂದೊಂದಾಗಿ ಒತ್ತಿದ. ಕೊನೆಯದು ಹೋಗುವವರೆಗೂ ಅವಳು ಕಣ್ಣು ತೆಗೆಯಲಿಲ್ಲ. ಅದರ ಕೆಳಗೆ ಇಂದ್ರೇಶನ ಹೆಸರಿನ ಫೈಲುಗಳ ಸಾಲು ಇತ್ತು. ಅವು ಅವಳವಲ್ಲ, ಮಾಧುರಿಯವು. ಬಾಗಿಲಾಚೆ ಮಾಧುರಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಳು. ಯಾರೋ ಅವಳಿಗೆ ಹಾಡು ಎಷ್ಟು ಚೆನ್ನಾಗಿತ್ತೆಂದು ಹೇಳುತ್ತಿದ್ದರು, ಅವಳು ತಲೆಯಾಡಿಸುತ್ತಿದ್ದಳು. ಅರುಂಧತಿ ಆ ಕಡೆ ಹೋಗಲಿಲ್ಲ. ಇಂದ್ರೇಶನನ್ನು ಎಂಟರಲ್ಲೇ ಬಿಟ್ಟು, ಗಿಟಾರನ್ನು ಪೆಟ್ಟಿಗೆಗೆ ಹಾಕಿ, ಹಿಂಬಾಗಿಲಿನಿಂದ ಬಿಸಿಲಿಗೆ ಇಳಿದಳು.