ಜೊಯಿಡಾ ಹತ್ತಿದ ತಿದಿ

ಮೊನ್ನೆ ಮಳೆಗೆ ತೊಯ್ದ ಚಪ್ಪಲಿಯನ್ನು ಒಣಗಲಿ ಎಂದು ಹಿತ್ತಲಿನ ನೀರೊಲೆಯ ಮಗ್ಗುಲಿಗಿಟ್ಟು ಮರೆತುಬಿಟ್ಟೆ. ಸ್ವಲ್ಪ ಹೊತ್ತಿಗೆ ಮನೆ ತುಂಬ ಚರ್ಮ ಸುಡುವ ವಾಸನೆ. ಸೊಸೆ ಮೂಗಿಗೆ ಸೆರಗು ಹಿಡಿದುಕೊಂಡು ಬಂದಳು.

"ಅತ್ತಿ, ಏನ್ರಿ ಅದು ವಾಸನಿ?"

"ನನ್ನ ಚಪ್ಪಲಿ," ಅಂದೆ. ಅಂದವಳೇ ನಗತೊಡಗಿದೆ. ನಗು ನಿಲ್ಲಲೊಲ್ಲದು. ಮುದುಕಿಗೆ ಅರಳುಮರಳು ಎಂದುಕೊಂಡು ಸೊಸೆ ನೀರು ತಂದುಕೊಟ್ಟಳು. ಇದೇ ವಾಸನೆಗೆ ಇದೇ ಮಾತನ್ನು ನಾನು ಹಿಂದೆ ಒಮ್ಮೆ ಹೇಳಿದ್ದೆ. ಆವತ್ತು ಹೇಳಿದ್ದು ಸುಳ್ಳು. ಹೇಳುವಾಗ ನಾನು ಒಂದು ಕಾರಿನ ಬಾಲದ ಮೇಲೆ ಕೂತಿದ್ದೆ, ಆ ಕಾರು ಗಣೇಶಗುಡಿಯ ಆಚೆಯ ಏರು ಹತ್ತುತ್ತಿತ್ತು. ಹೇಳುತ್ತೇನೆ, ಕೇಳಿ. ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು, ಬರೆಯುವುದು ನಿಧಾನ. ನೀವೂ ನಿಧಾನವಾಗಿಯೇ ಓದಿ.

ಮೊದಲು ತಿದಿಯ ಮಾತು. ಹಳಿಯಾಳದಲ್ಲಿ ನಮ್ಮದು ಕಮ್ಮಾರರ ಮನೆ. ಮದುವೆಯಾಗಿ ಬಂದ ಮೂರನೆಯ ದಿನ ಅತ್ತೆ ನನ್ನನ್ನು ಕುಲುಮೆಯ ಮುಂದೆ ಕೂರಿಸಿ ತಿದಿಯ ಹಿಡಿಕೆ ಕೈಗೆ ಕೊಟ್ಟರು. ತಿದಿ ಎಂದರೆ ಬೆಂಕಿಗೆ ಗಾಳಿ ಊದುವ ಚರ್ಮದ ಚೀಲ. ಎಳೆದರೆ ಗಾಳಿ ತುಂಬುತ್ತದೆ, ಒತ್ತಿದರೆ ಕೊಳವೆಯೊಳಗಿಂದ ಇದ್ದಿಲಿಗೆ ಹೋಗುತ್ತದೆ. ನಮ್ಮ ತಿದಿಯನ್ನು ಮಾವನವರು ಎಮ್ಮೆಯ ಚರ್ಮ ತಂದು ತಾವೇ ಹೊಲಿದಿದ್ದರು. ಅವರು ಸತ್ತರು, ಅತ್ತೆ ಸತ್ತರು, ತಿದಿ ಸಾಯಲಿಲ್ಲ. ಇಪ್ಪತ್ತೆರಡು ವರ್ಷ ಒತ್ತಿದೆ. ನನ್ನ ಬಲತೋಳು ಎಡತೋಳಿಗಿಂತ ದಪ್ಪವಾಗಿ, ಕುಪ್ಪಸ ಹೊಲಿಯುವವನು ಎರಡು ತೋಳಿಗೆ ಎರಡು ಅಳತೆ ಹಿಡಿಯುತ್ತಿದ್ದ.

ಕೈಯಿಂದ ತಿರುಗಿಸುವ ಗಾಳಿಯಂತ್ರ ಆಗಲೇ ಬೇರೆ ಕುಲುಮೆಗಳಿಗೆ ಬಂದಿತ್ತು. ನಮ್ಮಲ್ಲೂ ತರೋಣ ಎಂದರೆ ನಮ್ಮ ಮನೆಯವರು, "ಅಪ್ಪನ ತಿದಿ ಗಾಳೀನ ಬ್ಯಾರೆ. ಅದಕ್ಕ ಮಾತು ತಿಳೀತೈತಿ," ಅನ್ನುತ್ತಿದ್ದರು. ಮಾತು ತಿಳಿಯುತ್ತಿದ್ದುದು ನನಗೆ, ತಿದಿಗಲ್ಲ. ಅವರು ಹುಬ್ಬು ಏರಿಸಿದರೆ ನಾನು ಜೋರು ಒತ್ತಬೇಕು, ಇಳಿಸಿದರೆ ನಿಧಾನ. ನನಗೆ ಸಾಕಾಗಿತ್ತು. ಸಾಕಾಗಿದೆ ಎಂದು ಹೇಳಿದರೆ ಕೇಳುವವರು ಯಾರು?

ಎಂಬತ್ತರ ಈಚೆಗೆ ಚಕ್ಕಡಿಗಳಿಗೆಲ್ಲ ರಬ್ಬರಿನ ಟಾಯರು ಬಂತು. ಗಾಲಿಗೆ ಕಬ್ಬಿಣದ ಹಳಿ ಹಾಕಿಸುವವರು ಕಡಿಮೆಯಾದರು. ಕುಡಗೋಲು, ನೇಗಿಲಿನ ಕುಡ, ಸನಿಕೆ ಇಷ್ಟೇ ಉಳಿಯಿತು. ಅದೇ ಹೊತ್ತಿಗೆ ನನ್ನ ತಮ್ಮ ಈರಣ್ಣ ಬಂದು ನಮ್ಮಲ್ಲಿ ಉಳಿದ. ಡ್ಯಾಮು ಕಟ್ಟುವಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದ, ಕೆಲಸ ಮುಗಿದಿತ್ತು. ಕುಲುಮೆಯ ಶೆಡ್ಡನ್ನು ಗ್ಯಾರೇಜು ಮಾಡೋಣ ಎಂದು ಅವನ ಹಟ. ನಮ್ಮವರು ಅವನ ಮಾತನ್ನು ಕಬ್ಬಿಣ ತಣಿಸಿದ ಹಾಗೆ ತಣಿಸಿಬಿಡುತ್ತಿದ್ದರು.

ಇನ್ನು ಕಾರು. ಮರದ ನಾಟಾ ವ್ಯಾಪಾರದ ಸಾವ್ಕಾರರೊಬ್ಬರ ಗೋದಾಮಿನಲ್ಲಿ ಅದು ಬಿದ್ದಿತ್ತು. ಹಿಂದೆ ಯಾವನೋ ಬಿಳಿಯ ಸಾಹೇಬ ಊರು ಬಿಡುವಾಗ ಅವರ ತಂದೆಗೆ ಕೊಟ್ಟು ಹೋದದ್ದು. ಮೂಗು ಉದ್ದ, ಎರಡೇ ಸೀಟು, ತಲೆಯ ಮೇಲೆ ಮುಚ್ಚಳವಿಲ್ಲ. ಓಡುವುದಕ್ಕೆಂದೇ ಹುಟ್ಟಿದ ಕಾರು ಎಂದು ಈರಣ್ಣ ಹೇಳುತ್ತಿದ್ದ. ನಾನು ನೋಡಿದಾಗ ಅದರಲ್ಲಿ ಕೋಳಿ ಕಾವು ಕೂತಿತ್ತು. ಎಂಜಿನ್ನು ತಿರುಗದಂತೆ ಹಿಡಿದುಕೊಂಡು ಎಷ್ಟೋ ವರ್ಷವಾಗಿತ್ತು, ಅದರ ಸಾಮಾನು ಎಲ್ಲೂ ಸಿಗುತ್ತಿರಲಿಲ್ಲ. ಡ್ಯಾಮಿನ ಗುತ್ತಿಗೆದಾರನೊಬ್ಬ ಯಂತ್ರಗಳನ್ನು ಲಿಲಾವು ಹಾಕಿದಾಗ ಈರಣ್ಣ ಸಾವ್ಕಾರರ ಬೆನ್ನು ಹತ್ತಿ ಒಂದು ಸಣ್ಣ ಡೀಸೆಲ್ ಎಂಜಿನ್ನು ಕೊಡಿಸಿಕೊಂಡ. ಹೊಸದು, ಪರದೇಶದ್ದು. ಅದನ್ನು ಹೊತ್ತು ತಂದವನು ಬಸ್ತ್ಯಾಂವ, ಸಾವ್ಕಾರರ ಲಾರಿಯ ಡ್ರೈವರ್, ಕುಂಬಾರವಾಡದ ಕಡೆಯ ಸಿದ್ದಿ. ಎಂಜಿನ್ನನ್ನು ಇಳಿಸಿ ಅವನು ಅಂದ: "ವೈನಿ, ಇದರ ಹೊಟ್ಟಿಗೆ ಒಂದು ಶಂಖ ಅಂಟಗೊಂಡೈತಿ ನೋಡ್ರಿ."

ನಿಜವಾಗಿಯೂ ಶಂಖದ ಹಾಗೆಯೇ ಇತ್ತು, ಬೀಡುಕಬ್ಬಿಣದ್ದು, ಸುತ್ತಿಕೊಂಡದ್ದು. ಸಾವ್ಕಾರರು ಬಂದು ಅದಕ್ಕೆ ಮೂರು ಬೆರಳು ವಿಭೂತಿ ಎಳೆದರು. ಏನಿದು ಎಂದು ನಾನು ಈರಣ್ಣನನ್ನು ಕೇಳಿದೆ.

"ಟರ್ಬೊ, ಅಕ್ಕಾ. ಎಂಜಿನ್ನಿಂದ ಹೊರಗ ಹೋಗೂ ಹೊಗಿ ಐತಲ್ಲ, ಅದು ಇದರಾಗಿನ ಗಾಲಿ ತಿರಗಸ್ತೈತಿ. ಆ ಗಾಲಿ ಮತ್ತ ಎಂಜಿನ್ನಿಗೆ ಗಾಳಿ ಊದತೈತಿ. ಗಾಳಿ ಹೆಚ್ಚಾದ್ರ ಉರಿ ಹೆಚ್ಚು, ಉರಿ ಹೆಚ್ಚಾದ್ರ ಜೋರು ಹೆಚ್ಚು."

ನನಗೆ ಒಮ್ಮೆಲೇ ಮೈ ಬಿಸಿಯಾಯಿತು. ಹೊಗೆಯೇ ತಿದಿ ಒತ್ತುತ್ತದೆ, ಹೆಂಡತಿ ಬೇಕಾಗಿಲ್ಲ. ಎಷ್ಟು ಸಾವಿರ ವರ್ಷದಿಂದ ಹೊಗೆ ಸುಮ್ಮನೆ ಆಕಾಶಕ್ಕೆ ಹೋಗುತ್ತಿತ್ತು, ಯಾರಿಗೂ ಹೊಳೆಯಲಿಲ್ಲವಲ್ಲ. ಆವತ್ತಿನಿಂದ ಆ ಕಾರು ನನ್ನದೂ ಆಯಿತು.

ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ಈರಣ್ಣ ಹಳೆಯ ಎಂಜಿನ್ನು ಎತ್ತಿ, ಹೊಸದು ಕೂರುವಂತೆ ತಗಡು ಕೊಯ್ದ. ಎಂಜಿನ್ನು ಹಿಡಿದುಕೊಳ್ಳುವ ಕಬ್ಬಿಣದ ಕಾಲುಗಳನ್ನು ತಾನೇ ಮಾಡಹೊರಟ. ನಮ್ಮವರು ಎರಡು ದಿನ ಬಾಯಿ ಮುಚ್ಚಿಕೊಂಡು ನೋಡಿದರು, ಮೂರನೆಯ ದಿನ ತಡೆಯಲಾಗದೆ ಕಸಿದುಕೊಂಡರು. "ಹಿಂಗ ಬಡದ್ರ ಕಬ್ಬಿಣ ಅಳತೈತಿ," ಎಂದು ತಾವೇ ಬಡಿದು ಕೊಟ್ಟರು. ನಾನು ತಿದಿ ಒತ್ತಿದೆ. ಆದರೆ ಮನಸ್ಸು ಬದಲಾಯಿತು ಎಂದುಕೊಳ್ಳಬೇಡಿ. ಕಾಲುಗಳನ್ನು ಕೊಟ್ಟು ಕರಾರನ್ನೂ ಹಾಕಿದರು.

"ಹಳಿಯಾಳ ಬಿಟ್ಟದ್ದು ಎಲ್ಲೂ ನಿಲ್ಲದ ಜೊಯಿಡಾ ಮುಟ್ಟಬೇಕು. ಮುಟ್ಟಿದ್ರ ಶೆಡ್ಡು ನಿಂದು, ಗ್ಯಾರೇಜು ಮಾಡು. ನಡುದಾರ್ಯಾಗ ನಿಂತ್ರ ನೀ ನನ್ನ ಜೋಡಿ ಸುತ್ತಿಗಿ ಹಿಡಿ, ಮತ್ತ ಗಾಡಿ ಮಾತು ತೆಗೀಬ್ಯಾಡ. ಹೆಂಗೂ ನಿಮ್ಮಕ್ಕ ತಿದಿಗೆ ಅದಾಳ."

ನಿಮ್ಮಕ್ಕ ತಿದಿಗೆ ಅದಾಳ. ನನ್ನನ್ನು ಒಂದು ಮಾತೂ ಕೇಳದೆ ನನ್ನ ಉಳಿದ ಆಯುಷ್ಯವನ್ನು ಪಣಕ್ಕಿಟ್ಟಾಗಿತ್ತು.

ಮೊದಲ ಸಲ ನಾನು ಹೋಗಲಿಲ್ಲ. ಈರಣ್ಣ, ನಮ್ಮವರು ಇಬ್ಬರೇ ಹೋದರು. ಸಂಜೆಗೆ ಬಸ್ತ್ಯಾಂವನ ಲಾರಿ ಕಾರನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂತು. ಜೊಯಿಡಾದ ಏರಿನಲ್ಲಿ ಕಪ್ಪು ಹೊಗೆ ಕಾರಿ, ಉಸಿರುಗಟ್ಟಿ ನಿಂತುಬಿಟ್ಟಿತಂತೆ. ಸಾವ್ಕಾರರು, "ಬರೂ ಐತವಾರತನಕ ನೋಡ್ತೇನಿ. ಸೋಮವಾರ ಗುಜರಿಯಾಂವ ಬರ್ತಾನ," ಎಂದು ಹೇಳಿ ಹೋದರು. ನಮ್ಮವರು ಮೀಸೆಯೊಳಗೆ ನಗುತ್ತಿದ್ದರು. ಈರಣ್ಣ ಊಟ ಮಾಡಲಿಲ್ಲ.

ಮರುದಿನ ನಮ್ಮವರು ಕುಡಗೋಲು ಮಾರಲು ಮುಂಡಗೋಡದ ಸಂತೆಗೆ ಹೋದರು. ನಾನು ತಮ್ಮನ ಮುಂದೆ ಕೂತೆ.

"ಸಪಾಟ ದಾರ್ಯಾಗ ಹೊಗಿ ಬಂತೇನು?"

"ಇಲ್ಲ. ಏರಿನ್ಯಾಗ ಅಷ್ಟ."

"ಹಂಗಾರ ಬೆಂಕಿಗೆ ಗಾಳಿ ಸಾಲವಲ್ದು. ಎಲ್ಲೋ ಸೋರಾಕತ್ತೈತಿ."

"ಎಲ್ಲಾ ನೋಡೇನಿ ಅಕ್ಕಾ. ಎಂಜಿನ್ ಚಾಲೂ ಇಟ್ಟು ಕೈ ಹಿಡದು ನೋಡೇನಿ. ಒಂದು ಚೂರೂ ಗಾಳಿ ಸೋರಂಗಿಲ್ಲ."

"ನಿಂತಾಗ ತಿದಿನೂ ಸೋರಂಗಿಲ್ಲೋ ಹುಚ್ಚಾ. ಜೋರು ಒತ್ತಿದಾಗ ಹೊಲಿಗಿ ಬಾಯಿ ಬಿಡತೈತಿ. ನಡಿ, ಏರಿಗೆ ಹೋಗೂಣು."

ಕಾರಿನ ಮೂಗಿನ ಮೇಲಿನ ತಗಡನ್ನು ಕಳಚಿಟ್ಟು, ದಾಂಡೇಲಿ ದಾರಿಯ ಒಂದು ಏರಿಗೆ ಹೋದೆವು. ಸೆರಗನ್ನು ಸೊಂಟಕ್ಕೆ ಬಿಗಿದು, ಮುಂದಿನ ಗಾಜನ್ನು ಹಿಡಿದು, ಬಗ್ಗಿ ನಿಂತೆ. ಜನ ನಿಂತು ನೋಡಿದರು. ನೋಡಲಿ. ಈರಣ್ಣ ಕಾಲು ಒತ್ತಿದ. ಶಂಖ ಸಣ್ಣಗೆ ಸಿಳ್ಳು ಹಾಕತೊಡಗಿತು. ಶಂಖದಿಂದ ಎಂಜಿನ್ನಿಗೆ ಹೋಗುವ ಕೊಳವೆಯ ನಡುವೆ ಅವನು ಲಾರಿ ಟ್ಯೂಬಿನ ತುಂಡೊಂದನ್ನು ಕಟ್ಟಿದ್ದ. ಏರು ಕಡಿದಾದ ಹಾಗೆ ಆ ತುಂಡು ಕಪ್ಪೆಯ ಗಂಟಲಿನಂತೆ ಉಬ್ಬಿತು, ಅಂಚು ಬಾಯಿ ಬಿಟ್ಟಿತು, ನನ್ನ ಮುಖಕ್ಕೇ ಬಿಸಿ ಗಾಳಿ ಹೊಡೆಯಿತು. ಹಿಂದೆ ಕಪ್ಪು ಹೊಗೆ.

"ಸಿಕ್ತು, ನಿಲ್ಲಸು," ಅಂದೆ. ಅಷ್ಟು ಖುಷಿ ನನಗೆ ಮದುವೆಯಲ್ಲೂ ಆಗಿರಲಿಲ್ಲ.

ಸರಿಯಾದ ಕೊಳವೆ ಮುಂಬಯಿಯಿಂದ ಬರಬೇಕು, ತಿಂಗಳು ಹಿಡಿಯುತ್ತದೆ ಎಂದು ಈರಣ್ಣ ತಲೆಗೆ ಕೈ ಹಚ್ಚಿಕೊಂಡ. ಉಬ್ಬದ್ದು, ಬಿಸಿಗೆ ಕರಗದ್ದು ಏನಾದರೂ ಅದರ ಮೇಲೆ ಬಿಗಿಯಬೇಕು. ಸಂತೆಯ ಹೊಸ ಚರ್ಮ ಬಿಸಿಗೆ ಸೆಟೆದು ಬಿರಿಯುತ್ತದೆ, ನನಗೆ ಗೊತ್ತು. ಇಪ್ಪತ್ತೆರಡು ವರ್ಷ ಬೆಂಕಿಯ ಪಕ್ಕದಲ್ಲಿ ಕೂತು, ಅಮಾವಾಸ್ಯೆಗೊಮ್ಮೆ ನನ್ನ ಕೈಯಿಂದ ಎಣ್ಣೆ ಕುಡಿದು ಹದವಾದ ಚರ್ಮ ಹಳಿಯಾಳದಲ್ಲಿ ಒಂದೇ ಇತ್ತು.

ತಿದಿಯ ಮುಂದೆ ನಾನು ಕುಡಗೋಲು ಹಿಡಿದು ನಿಂತದ್ದನ್ನು ಕಂಡು ಈರಣ್ಣ ಬೆಚ್ಚಿದ. "ಬ್ಯಾಡ ಅಕ್ಕಾ. ಕಾರು ಹತ್ತಲಿಲ್ಲಂದ್ರ ಮಾಮಾ ಇಬ್ಬರನ್ನೂ ಹೊರಗ ಹಾಕ್ತಾನ."

"ಹತ್ತಲಿಲ್ಲಂದ್ರ ಇದನ್ನ ಸಾಯೂತನಕ ಒತ್ತಾಕಿ ನಾನು. ಹಿಡಿ ಆ ಕಡೆ."

ಕೊಯ್ದೆ. ಮಾವನವರ ಹೊಲಿಗೆಯೇ ಗಟ್ಟಿ ಎಂದು ಹೊಲಿಗೆ ಇರುವ ಭಾಗವನ್ನೇ ತೆಗೆದೆ. ಕೊಳವೆಗೆ ಎರಡು ಸುತ್ತು ಸುತ್ತಿ, ತಂತಿಯಿಂದ ಬಿಗಿದೆವು. ತಿದಿಯ ಮೇಲೆ ಗೋಣಿಚೀಲ ಹೊದಿಸಿಟ್ಟೆ. ಆ ವಾರ ಜ್ವರ ಬಂದಿದೆ ಎಂದು ಮಲಗಿದೆ, ಕುಲುಮೆ ಹೊತ್ತಲಿಲ್ಲ. ನಮ್ಮವರು ಕಷಾಯ ಮಾಡಿ ತಂದು ಕುಡಿಸಿದರು. ಅದನ್ನು ಕುಡಿಯುವಾಗ ಮಾತ್ರ ಸ್ವಲ್ಪ ಕಷ್ಟವಾಯಿತು, ಕಹಿಯಿಂದ ಅಲ್ಲ.

ಐತವಾರ ಬೆಳಿಗ್ಗೆ ನನ್ನ ಜ್ವರ ಬಿಟ್ಟಿತು. ನಾನೂ ಬರುತ್ತೇನೆ ಎಂದೆ. "ಎಲ್ಲಿ ಕುಂದರ್ತಿ? ಎರಡ ಸೀಟು," ಎಂದರು ನಮ್ಮವರು. ಸೀಟಿನ ಹಿಂದೆ, ಸಾಮಾನಿನ ಪೆಟ್ಟಿಗೆಯ ಮೇಲೆ ಗೋಣಿಚೀಲ ಹಾಸಿ ಕೂತೆ. ಸಾವ್ಕಾರರು ಬಸ್ತ್ಯಾಂವನ ಲಾರಿಯಲ್ಲಿ ಮುಂದೆಯೇ ಹೋಗಿದ್ದರು, ಜೊಯಿಡಾದಲ್ಲಿ ಕಾಯಲು.

ದಾಂಡೇಲಿಯವರೆಗೆ ನಾನು ಉಸಿರು ಬಿಡಲಿಲ್ಲ. ಅಲ್ಲಿಂದ ಕಾಡು. ಗಾಳಿ ತಲೆಯ ಮೇಲಿನಿಂದ ನೀರಿನ ಹಾಗೆ ಹರಿಯುತ್ತಿತ್ತು, ತುರುಬು ಬಿಚ್ಚಿಹೋಯಿತು, ಕಟ್ಟಿಕೊಳ್ಳಲಿಲ್ಲ. ಗಣೇಶಗುಡಿ ದಾಟಿತು. ಏರು ಶುರುವಾಯಿತು. ಶಂಖ ಸಿಳ್ಳು ಹಾಕಿತು, ಈ ಸಲ ಒಂದೇ ಸಮನೆ, ಎಲ್ಲೂ ಬಿರುಕಿಲ್ಲದೆ. ಹಿಂದೆ ತಿರುಗಿ ನೋಡಿದೆ, ಹೊಗೆಯಿಲ್ಲ. ಬೆನ್ನಿಗೆ ಯಾರೋ ಕೈ ಕೊಟ್ಟು ನೂಕಿದ ಹಾಗೆ ಕಾರು ಮೇಲೆ ಮೇಲೆ ಹೋಯಿತು.

ಆಗ ವಾಸನೆ ಬಂತು. ನಮ್ಮವರ ಮೂಗು ಕಮ್ಮಾರನ ಮೂಗು.

"ಚರ್ಮ ಸುಡಾಕತ್ತೈತಿ. ಏನದು?"

"ನನ್ನ ಚಪ್ಪಲಿ," ಅಂದೆ. "ತಗಡು ಬಿಸಿ ಆಗೇತಿ, ಅದಕ್ಕ ತಾಗಿತ್ತು." ನಂಬಲಿ ಎಂದು ಒಂದು ಚಪ್ಪಲಿಯನ್ನು ಕಾಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡೆ.

ಹಿಡಿದದ್ದು ಒಳ್ಳೆಯದಾಯಿತು. ತಿರುವು ದಾಟುತ್ತಲೇ ಮುಂದೆ ಬಸ್ತ್ಯಾಂವನ ಲಾರಿ, ತೆವಳಿಕೊಂಡು ಏರು ಹತ್ತುತ್ತಿದೆ. ದಾರಿ ತುಂಬ ಅದೇ. ಹಿಂದೆ ನಿಧಾನ ಮಾಡಿದರೆ ನಿಲ್ಲಬೇಕು, ನಿಂತರೆ ಕರಾರು ಮುಗಿಯಿತು. ನಮ್ಮ ಕಾರಿನ ಹಾರ್ನು ಬೆಕ್ಕಿನ ಮರಿಯ ಹಾಗೆ ಕೂಗಿತು. ಲಾರಿಯ ಸದ್ದಿನಲ್ಲಿ ಅವನಿಗೆ ಹೇಗೆ ಕೇಳಬೇಕು? ನಾನು ಬಗ್ಗಿ, ಚಪ್ಪಲಿಯಿಂದ ಬಾಗಿಲಿನ ತಗಡನ್ನು ಬಡಿದೆ. ದಪ್ಪ ತೋಳು ಅಂದೆನಲ್ಲ, ಅದೇ ತೋಳು. ಕಾಡೆಲ್ಲ ತಮಟೆ ಬಾರಿಸಿದ ಹಾಗಾಯಿತು. ಬಸ್ತ್ಯಾಂವ ಕತ್ತು ಹೊರಗೆ ಹಾಕಿ, ಹಲ್ಲು ಬಿಟ್ಟು, ಲಾರಿಯನ್ನು ಗಟಾರದ ಅಂಚಿಗೆ ಒತ್ತಿದ. ಈರಣ್ಣ ಕಾಲನ್ನು ನೆಲಕ್ಕೆ ಮುಟ್ಟಿಸಿದ. ಶಂಖದ ಸಿಳ್ಳು ಕೊರಳೆತ್ತಿ ಹಾಡಿದಂತಾಯಿತು. ಲಾರಿಯ ಗಾಲಿಗಳು ನನ್ನ ಕಿವಿಯ ಪಕ್ಕದಲ್ಲೇ ಹಿಂದಕ್ಕೆ ಹೋದವು. ಮೇಲಿನಿಂದ ಸಾವ್ಕಾರರು, "ಹರ ಹರ ಮಹಾದೇವ," ಅನ್ನುವುದು ಕೇಳಿತು. ನಮ್ಮವರು ಎರಡೂ ಕೈಯಿಂದ ಗಾಜನ್ನು ಹಿಡಿದಿದ್ದರು. ಅವರ ಹುಬ್ಬು ಏರಿತ್ತು. ಜೋರು ಎಂದು ಅರ್ಥ. ನನಗೆ ಗೊತ್ತಲ್ಲ.

ಜೊಯಿಡಾ ಮುಟ್ಟಿತು. ಚಹಾ ಅಂಗಡಿಯ ಮುಂದೆ ಈರಣ್ಣ ಕಾರು ನಿಲ್ಲಿಸಿ ಮೂಗಿನ ತಗಡು ಎತ್ತಿದ. ಎತ್ತಬಾರದಿತ್ತು. ನಮ್ಮವರು ಬಗ್ಗಿದರು. ಅಂಚು ಕಪ್ಪಾದ ಚರ್ಮದ ನಡುವೆ ಅವರ ಅಪ್ಪನ ಹೊಲಿಗೆ ಸಾಲಾಗಿ ಕಾಣುತ್ತಿತ್ತು.

"ತಿದಿ ಕೊಯ್ದಿ?"

"ಕೊಯ್ದೆ."

"ಜ್ವರ?"

"ಇರಲಿಲ್ಲ."

"ಹತ್ತದಿದ್ರ ಏನ್ ಮಾಡಾಕಿದ್ದಿ?"

"ಹತ್ತೇತಲ್ಲ."

ಅವರು ಆ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ, ಸುಟ್ಟುಕೊಂಡು, ಬೆರಳನ್ನು ಬಾಯಲ್ಲಿಟ್ಟುಕೊಂಡರು. ಆಮೇಲೆ ಈರಣ್ಣನಿಗೆ ಅಂದರು: "ನೋಡು. ಒಂದು ಎಳಿ ಬಿಚ್ಚಿಲ್ಲ." ನನ್ನ ಕಡೆಗೆ ತಿರುಗಿ, "ಚಪ್ಪಲಿ ಹಾಕ್ಕೊ. ಮಂದಿ ನೋಡಾಕತ್ತಾರ," ಎಂದು ಮೂರು ಚಹಾ ಹೇಳಿದರು.

ಶೆಡ್ಡು ಗ್ಯಾರೇಜಾಯಿತು. ನನಗೆ ಬಿಡುಗಡೆಯಾಯಿತು ಎಂದುಕೊಂಡಿರಾ? ನಾನೂ ಹಾಗೆಯೇ ಅಂದುಕೊಂಡಿದ್ದೆ. ಎಂಟೇ ದಿನಕ್ಕೆ ಈರಣ್ಣ ಟಾಯರಿಗೆ ಗಾಳಿ ಹೊಡೆಯುವ ಪಂಪನ್ನು ತಂದು ನನ್ನ ಮುಂದಿಟ್ಟ. "ಅಕ್ಕಾ, ನಿನ್ನಷ್ಟು ಚೆಂದ ಯಾರಿಗೂ ಬರಂಗಿಲ್ಲ," ಅಂದ. ಒಂದು ವರ್ಷ ಹೊಡೆದೆ. ಆಮೇಲೆ ಟಾಯರಿಗೆ ಕರೆಂಟಿನ ಗಾಳಿಯಂತ್ರ ತರದಿದ್ದರೆ ಪಂಪನ್ನೂ ಕೊಯ್ಯುತ್ತೇನೆ ಅಂದೆ, ಮರುವಾರವೇ ತಂದರು.

ನಮ್ಮವರು ಮಾತ್ರ ಬದುಕಿದಷ್ಟು ದಿನವೂ ಬಂದವರಿಗೆಲ್ಲ, "ನಮ್ಮಪ್ಪನ ತಿದಿ ಜೊಯಿಡಾ ಹತ್ತೇತಿ," ಎಂದು ಹೇಳಿದರು. ನಾನು ಪ್ರತಿ ಸಲ, ಹತ್ತಿದ್ದು ಕಾರು, ತಿದಿ ಅಲ್ಲ ಎಂದು ತಿದ್ದುತ್ತಿದ್ದೆ. ಮೊನ್ನೆ ಆ ವಾಸನೆಯೊಳಗೆ ನಿಂತು ನೋಡಿದಾಗ, ಅವರು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಕೊಯ್ದವಳು ನಾನು ಎಂಬುದನ್ನು ಅವರು ಸೇರಿಸುತ್ತಿರಲಿಲ್ಲ, ಅಷ್ಟೇ. ಈಗ ನಾನು ಸೇರಿಸಿದ್ದೇನೆ.

ಸೊಸೆ ಸುಟ್ಟ ಚಪ್ಪಲಿಯನ್ನು ಕಡ್ಡಿಯಲ್ಲಿ ಎತ್ತಿ ತಿಪ್ಪೆಗೆ ಹೊರಟಿದ್ದಳು. "ತಾ ಇಲ್ಲಿ," ಅಂದೆ. ಅಟ್ಟೆ ಗಟ್ಟಿಯಾಗಿತ್ತು, ಸುಟ್ಟದ್ದು ಮೇಲಿನ ಪಟ್ಟಿ ಮಾತ್ರ. ಬೇರೆ ಪಟ್ಟಿ ಹಾಕಿಸಿದ್ದೇನೆ. ನಡೆದರೆ ಸ್ವಲ್ಪ ಕಿರುಗುಟ್ಟುತ್ತದೆ, ಆದರೂ ನಿನ್ನೆ ದಾಂಡೇಲಿ ದಾರಿಯ ಏರನ್ನು ಎಲ್ಲೂ ನಿಲ್ಲದೆ ಹತ್ತಿ ಬಂದೆ.